ಡಿಎಂಎಕ್ಸ್ ಸಂಕೇತ ಓದಲು ಪ್ರತ್ಯೇಕ ಚಿಪ್ ಬೇಕೇ, ಒಂದೇ ಆರ್ಡುಯಿನೊ ಸಾಲದೇ?

ನಿಮ್ಮ ತೊಂದರೆ ಇದು: ಒಂದೇ ಆರ್ಡುಯಿನೊ ಊನೊ (ಪುಟ್ಟ ಕಂಪ್ಯೂಟರ್ ಚಿಪ್ ಇರುವ ಬೋರ್ಡ್) ಲೈಟ್ ಡೆಸ್ಕ್‌ನಿಂದ ಬರುವ ಡಿಎಂಎಕ್ಸ್ ಸಂಕೇತವನ್ನು, ಅಂದರೆ ದೀಪಗಳ ಮಟ್ಟ ಹೇಳುವ ಬೈಟ್‌ಗಳ ಸರಣಿಯನ್ನು, ಓದುತ್ತದೆ, ಪ್ರತಿ ದೀಪಕ್ಕೂ ಬೇರೆ ಬಣ್ಣ ಕೊಡಬಹುದಾದ 60 ದೀಪಗಳ ಡಬ್ಲ್ಯುಎಸ್ 2812 ಪಟ್ಟಿಯನ್ನೂ ಉರಿಸುತ್ತದೆ. ಬಣ್ಣಗಳು ಮಾತ್ರ ಮನಬಂದಂತೆ ಬದಲಾಗುತ್ತಿವೆ. ಡಿಎಂಎಕ್ಸ್ ತಂತಿಯನ್ನು ಊನೊಗೆ ಜೋಡಿಸುವ ಮ್ಯಾಕ್ಸ್ 485 ಚಿಪ್ ಬದಲಿಸಿದರೂ ಸರಿಹೋಗಿಲ್ಲ.

ಓದುವ ಕೆಲಸಕ್ಕೆ ಬೇರೆಯೇ ಚಿಪ್ ಹಾಕಿ. ನಾನು ಮಡಿಕೇರಿ ದಸರಾದ ಹತ್ತು ಮಂಟಪಗಳಲ್ಲಿ ಒಂದಕ್ಕೆ ದೀಪದ ಕೆಲಸ ಮಾಡುತ್ತೇನೆ. ವಿಜಯದಶಮಿಯ ರಾತ್ರಿ ಟ್ರ್ಯಾಕ್ಟರ್ ಮೇಲೆ ಹೊರಟ ಮಂಟಪವನ್ನು ನಡುದಾರಿಯಲ್ಲಿ ನಿಲ್ಲಿಸಿ ಪೆಟ್ಟಿಗೆ ಬಿಚ್ಚುವಂತಿಲ್ಲ. ಮೊದಲ ವರ್ಷ, ಪರೀಕ್ಷೆಗೆಂದು ದೀಪ ಹಾಕಿದ ರಾತ್ರಿ, ಕೆಂಪಗೆ ಉರಿಯಬೇಕಿದ್ದ ಅಸುರನ ಕಣ್ಣುಗಳು ನೀಲಿಯಾದವು. ಮರುಕ್ಷಣ ಹಸಿರು, ಮತ್ತೆ ಕೆಂಪು. ಕೇಬಲ್ ಬದಲಿಸಿದೆವು, ಮಂಜಿನ ತೇವ ಒಳಗೆ ಹೋಗಿದೆಯೆಂದು ಪೆಟ್ಟಿಗೆಯನ್ನು ಒಣಗಿಸಿದೆವು. ತಪ್ಪು ಎರಡರಲ್ಲೂ ಇರಲಿಲ್ಲ.

ಡಿಎಂಎಕ್ಸ್ ಯಾರಿಗೂ ಕಾಯುವುದಿಲ್ಲ. ಸೆಕೆಂಡಿಗೆ 2,50,000 ಬಿಟ್‌ಗಳ ವೇಗದಲ್ಲಿ, 44 ಮೈಕ್ರೊಸೆಕೆಂಡಿಗೆ ಒಂದರಂತೆ ಬೈಟ್‌ಗಳು ಬರುತ್ತಲೇ ಇರುತ್ತವೆ. ಕೇಳಿಸಲಿಲ್ಲ, ಮತ್ತೊಮ್ಮೆ ಹೇಳು ಎನ್ನುವ ವ್ಯವಸ್ಥೆ ಅದರಲ್ಲಿಲ್ಲ. ಇತ್ತ ದೀಪದ ಪಟ್ಟಿಗೆ ಬಣ್ಣ ಕಳುಹಿಸುವಾಗ ಊನೊ ಇಂಟರಪ್ಟ್‌ಗಳನ್ನು (ಕೈಲಿರುವ ಕೆಲಸ ಬಿಟ್ಟು ಬಂದ ಬೈಟ್ ತೆಗೆದುಕೋ ಎನ್ನುವ ಕರೆಗಳನ್ನು) ಮುಚ್ಚಿಕೊಂಡು ಕೂರುತ್ತದೆ. ಒಂದು ದೀಪಕ್ಕೆ 30 ಮೈಕ್ರೊಸೆಕೆಂಡ್, 60 ದೀಪಕ್ಕೆ 1,800. ಆ ಹೊತ್ತಿನಲ್ಲಿ ಸುಮಾರು 40 ಬೈಟ್‌ಗಳು ಬಾಗಿಲು ತಟ್ಟಿ ಹೋಗಿರುತ್ತವೆ. ಚಿಪ್ ಹಿಡಿದಿಟ್ಟುಕೊಳ್ಳುವುದು ಎರಡು ಮೂರನ್ನು ಮಾತ್ರ.

ಬೈಟ್‌ಗಳ ಮೇಲೆ ವಿಳಾಸ ಬರೆದಿರುವುದಿಲ್ಲ, ಎಣಿಕೆಯೇ ವಿಳಾಸ. ಪ್ರತಿ ದೀಪಕ್ಕೂ ಕೆಂಪು, ಹಸಿರು, ನೀಲಿ ಎಂದು ಸಾಲಾಗಿ ಮೂರು ಬೈಟ್. ಒಂದು ತಪ್ಪಿದರೆ ಮುಂದಿನದೆಲ್ಲ ಒಂದು ಮನೆ ಹಿಂದಕ್ಕೆ ಸರಿಯುತ್ತದೆ. ಎಲ್ಲ ದೀಪಗಳೂ ಕೆಂಪಾಗಿದ್ದಾಗ ಪಕ್ಕದ ದೀಪದ ಕೆಂಪಿನ ಬೆಲೆ ಈ ದೀಪದ ನೀಲಿಗೆ ಬಂದು ಕೂರುತ್ತದೆ. ಎರಡು ತಪ್ಪಿದರೆ ಹಸಿರು. ಅಸುರನ ಕಣ್ಣಿಗೆ ಆಗಿದ್ದು ಇದೇ.

ಮ್ಯಾಕ್ಸ್ 485 ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಸೊನ್ನೆ, ಒಂದು ಎಂದು ತಿಳಿಸುತ್ತದೆ, ಅಷ್ಟೆ. ಎಣಿಸುವುದಿಲ್ಲ, ನೆನಪಿಡುವುದಿಲ್ಲ. ಅದನ್ನು ಎಷ್ಟು ಸಲ ಬದಲಿಸಿದರೂ ಫಲವಿಲ್ಲ.

ನಾನು ಇನ್ನೊಂದು ಎಟಿಮೆಗಾ 328 (ಊನೊದಲ್ಲಿರುವುದೇ ಆ ಚಿಪ್) ಹಾಕಿದೆ. ಅದರ ಮುಖ್ಯ ಕೆಲಸ ಕೇಳಿಸಿಕೊಳ್ಳುವುದು. ಡಿಎಂಎಕ್ಸ್ ಸಾಲು ಕನಿಷ್ಠ 88 ಮೈಕ್ರೊಸೆಕೆಂಡ್ ಕೆಳಮಟ್ಟದಲ್ಲಿ ನಿಂತರೆ ಅದು ‘ಬ್ರೇಕ್’, ಬೈಟ್‌ಗಳ ಹೊಸ ಕಂತಿನ ಆರಂಭ. ಬೈಟ್ ಓದುವ ಸೀರಿಯಲ್ ಪೋರ್ಟ್ ಅದನ್ನು ಫ್ರೇಮಿಂಗ್ ದೋಷವೆಂದು (ಬೈಟ್ ಸರಿಯಾಗಿ ಮುಗಿಯಲಿಲ್ಲವೆಂದು) ತೋರಿಸುತ್ತದೆ. ಎಣಿಕೆಯನ್ನು ಅಲ್ಲಿಂದಲೇ ಶುರುಮಾಡಿ. ಬೈಟ್‌ಗಳ ನಡುವಿನ ಬಿಡುವನ್ನು ನೋಡಿ ಆರಂಭವನ್ನು ಊಹಿಸಬೇಡಿ, ಡೆಸ್ಕ್‌ಗಳು ನಡುವೆಯೂ ಬಿಡುವು ಕೊಡಬಹುದು. ಮೊದಲ ಬೈಟ್ ಸೊನ್ನೆಯಾಗಿರದಿದ್ದರೆ ಆ ಕಂತು ದೀಪದ ಮಟ್ಟಗಳದ್ದಲ್ಲ, ಬಿಟ್ಟುಬಿಡಿ.

ದೀಪ ಉರಿಸುವ ಊನೊ ತನಗೆ ಬಿಡುವಾದಾಗ ಐ2ಸಿ (ಎರಡು ತಂತಿಗಳಲ್ಲಿ ಚಿಪ್‌ಗಳು ಮಾತಾಡಿಕೊಳ್ಳುವ ವಿಧಾನ) ಮೂಲಕ ಬೆಲೆಗಳನ್ನು ಕೇಳಿ ಪಡೆಯಲಿ. ಅದಕ್ಕಾಗಿ ಇರುವ ಆರ್ಡುಯಿನೊದ ವೈರ್ ಲೈಬ್ರರಿ ಒಮ್ಮೆಗೆ 32 ಬೈಟ್‌ಗಳನ್ನಷ್ಟೇ ಕೊಡುವುದರಿಂದ ನಿಮ್ಮ 180 ಚಾನೆಲ್‌ಗಳಿಗೆ (60 ದೀಪ, ತಲಾ ಮೂರು ಬೈಟ್) ಆರು ಸಲ ಕೇಳಬೇಕು. ಆರೂ ಮುಗಿಯುವವರೆಗೆ ಓದುವ ಚಿಪ್ ಹಳೆಯ ಪ್ರತಿಯನ್ನು ಮುಟ್ಟದೆ, ಹೊಸದನ್ನು ಬೇರೆ ಜಾಗದಲ್ಲಿ ತುಂಬಿಕೊಳ್ಳಲಿ. ಇಲ್ಲದಿದ್ದರೆ ಅರ್ಧ ಪಟ್ಟಿ ಹಳೆಯ ಬಣ್ಣ, ಅರ್ಧ ಹೊಸದು ಆಗುತ್ತದೆ. 400 ಕಿಲೊಹರ್ಟ್ಸ್‌ನಲ್ಲಿ ಇದಕ್ಕೆ ನಾಲ್ಕೈದು ಮಿಲಿಸೆಕೆಂಡ್ ಸಾಕು. 512 ಚಾನೆಲ್‌ಗಳ ಪೂರ್ತಿ ಕಂತಿಗೆ ಹೇಗೂ ಸುಮಾರು 23 ಮಿಲಿಸೆಕೆಂಡ್ ಬೇಕು.

ಇನ್ನೂ ಬೋರ್ಡ್ ಕೊಂಡಿಲ್ಲದಿದ್ದರೆ ರಾಸ್ಪ್‌ಬೆರಿ ಪೈ ಪಿಕೊ ತರಿಸಿ ಎನ್ನುತ್ತಿದ್ದೆ, ಅದೊಂದೇ ಎರಡನ್ನೂ ನಿಭಾಯಿಸುತ್ತದೆ. ಕೈಯಲ್ಲಿರುವುದು ಊನೊ ಆದ್ದರಿಂದ ಈ ದಾರಿ.

ಡಿಎಂಎಕ್ಸ್ ಸಾಲಿನ ಕೊನೆಯಲ್ಲಿ 120 ಓಮ್ ರೆಸಿಸ್ಟರ್ ಮರೆಯಬೇಡಿ. ಡೆಸ್ಕ್ ಒಂದು ಜನರೇಟರ್‌ನಲ್ಲಿ, ದೀಪ ಇನ್ನೊಂದರಲ್ಲಿ ಇದ್ದರೆ ಐಸೊಲೇಷನ್ (ಎರಡು ಕಡೆಯ ವಿದ್ಯುತ್ತನ್ನು ಬೇರ್ಪಡಿಸುವ ವ್ಯವಸ್ಥೆ) ಇರುವ 485 ಚಿಪ್ಪನ್ನೇ ಹಾಕಿ. ಎರಡರ ಅರ್ತ್ ನಡುವೆ ವೋಲ್ಟೇಜ್ ಏರಿದರೆ ಸಾಧಾರಣ ಚಿಪ್ ಸುಟ್ಟುಹೋಗುತ್ತದೆ.

ಕೊನೆಗೆ ಡೆಸ್ಕ್‌ನಲ್ಲಿ ಎಲ್ಲ ದೀಪಗಳನ್ನೂ ಬರಿಯ ಕೆಂಪಿಗಿಟ್ಟು ಅರ್ಧ ಗಂಟೆ ಎದುರಿಗೆ ಕುಳಿತು ನೋಡಿ. ಒಮ್ಮೆ ನೀಲಿ ಮಿಂಚಿದರೂ ಎಲ್ಲೋ ಬೈಟ್ ತಪ್ಪುತ್ತಿದೆ. ಮಿಂಚದಿದ್ದರೆ ಪೆಟ್ಟಿಗೆ ಮುಚ್ಚಿ ಸ್ಕ್ರೂ ಬಿಗಿಯಿರಿ.