ಕ್ಲೈಡ್ ಲ್ಯಾಸನ್ ಆ ರಾತ್ರಿ ಮಾಡಿದ್ದೇನು?

ಅಮೆರಿಕ ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್ ಕ್ಲೈಡ್ ಲ್ಯಾಸನ್ ಅವರಿಗೆ ಆ ದೇಶದ ಅತ್ಯುನ್ನತ ಸೇನಾ ಪದಕವಾದ ಮೆಡಲ್ ಆಫ್ ಆನರ್ ದೊರೆತಿತ್ತು. ಶತ್ರುವಿನ ಎದುರು ಹೆಲಿಕಾಪ್ಟರಿನ ದೀಪ ಹಾಕಿದ್ದು ಅಷ್ಟು ದೊಡ್ಡ ಸಾಹಸವೇ ಎಂದು ಕೇಳಿದ್ದೀರಿ. ಖಂಡಿತ ಹೌದು. ಆದರೆ ದೀಪದ ಸರದಿ ಬಂದದ್ದು ಕೊನೆಯಲ್ಲಿ.

1968ರ ಜೂನ್ 19, ಉತ್ತರ ವಿಯೆಟ್ನಾಂ. ಶತ್ರುನೆಲದಲ್ಲಿ ಬಿದ್ದ ಇಬ್ಬರು ವೈಮಾನಿಕರನ್ನು ಕರೆತರಲು ಲ್ಯಾಸನ್ ನಡುರಾತ್ರಿ ದಾಟಿದ ಮೇಲೆ ಹೊರಟರು. ಮೊದಲು ಆ ಇಬ್ಬರಿದ್ದ ಗುಡ್ಡದ ಬುಡದಲ್ಲಿಳಿದರು. ದಟ್ಟ ಪೊದೆಗಳನ್ನು ಭೇದಿಸಿ ಅವರಿಬ್ಬರಿಗೂ ಕೆಳಗೆ ಬರಲಾಗಲಿಲ್ಲ. ಆಮೇಲೆ ಬೆಳಕಿನ ಬಾಣಗಳ (ಆಗಸದಲ್ಲಿ ಉರಿದು ನೆಲಕ್ಕೆ ಬೆಳಕು ಚೆಲ್ಲುವ ಫ್ಲೇರ್‌ಗಳ) ನೆರವಿನಲ್ಲಿ ಎರಡು ಮರಗಳ ನಡುವೆ ಹೆಲಿಕಾಪ್ಟರನ್ನು ನಿಶ್ಚಲವಾಗಿ ನಿಲ್ಲಿಸಿದರು. ಅಷ್ಟರಲ್ಲಿ ಕೊನೆಯ ಬಾಣವೂ ಆರಿತು. ಕಗ್ಗತ್ತಲಲ್ಲಿ ಹೆಲಿಕಾಪ್ಟರ್ ಮರಕ್ಕೆ ಬಡಿದು ಸರ್ರನೆ ಕುಸಿಯತೊಡಗಿತು. ಅದನ್ನು ಹತೋಟಿಗೆ ತಂದದ್ದೇ ನನ್ನ ಮಟ್ಟಿಗೆ ದೊಡ್ಡ ಪವಾಡ.

ಅಲ್ಲಿಂದ ಹಿಂದಿರುಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಹಿಂದಿರುಗಲಿಲ್ಲ, ಕೆಳಗಿದ್ದವರಿಗೆ ಧೈರ್ಯ ಹೇಳುತ್ತಾ, ಮತ್ತೆ ಬೆಳಕಿನ ಬಾಣಗಳು ಬರುವುದನ್ನು ಕಾಯುತ್ತಾ ಅಲ್ಲೇ ಉಳಿದರು. ಇನ್ನೊಂದು ಯತ್ನವೂ ವಿಫಲವಾಯಿತು. ಮತ್ತೆ ಇಳಿಯುವಾಗ ಬೆಳಕು ಪುನಃ ಹೋಯಿತು. ಆಗ ಹಾಕಿದರು ದೀಪ. ಗುಂಡು ಹಾರಿಸುತ್ತಿದ್ದ ಶತ್ರುವಿಗೆ ‘ಇಲ್ಲಿದ್ದೇನೆ’ ಎಂದು ತೋರಿಸಿದಂತೆಯೇ ಅದು! ಇಬ್ಬರೂ ಓಡಿ ಬಂದು ಹತ್ತಿದರು. ದಾರಿಯಲ್ಲಿ ಮತ್ತೆ ವಿಮಾನ ನಿರೋಧಕ ಗುಂಡುಗಳನ್ನು ತಪ್ಪಿಸಿಕೊಂಡು ಜೂಯೆಟ್ ಎಂಬ ಯುದ್ಧನೌಕೆಯ ಮೇಲೆ ಇಳಿದಾಗ ಟ್ಯಾಂಕಿನಲ್ಲಿ ಉಳಿದಿದ್ದದ್ದು ಕೇವಲ 5 ನಿಮಿಷದ ಇಂಧನ. ಮೆಡಲ್ ಆಫ್ ಆನರ್ ದೊರೆತದ್ದು ಇಷ್ಟಕ್ಕೂ ಸೇರಿ.