ತೆರೆಯ ಮೇಲೆ ‘ವಧು’ ‘ವದು’ ಆದಾಗ

ಪ್ರಶ್ನೆ: ಶಿರಸಿಯಲ್ಲಿ ಮದುವೆಯ ಆಮಂತ್ರಣ, ಯಕ್ಷಗಾನದ ಕರಪತ್ರ ಮಾಡಿಕೊಡುವ ಸಣ್ಣ ಡಿಟಿಪಿ ಅಂಗಡಿ ನನ್ನದು. ಲಿನಕ್ಸ್ ಕಂಪ್ಯೂಟರಿಗೆ ಹೊಸ ಕನ್ನಡ ಫಾಂಟ್ ಹಾಕಿಕೊಂಡಾಗಿನಿಂದ 12 ಪಾಯಿಂಟಿನಲ್ಲಿ ‘ವಧು’ ಎಂಬುದು ‘ವದು’ ಎಂದು ಕಾಣುತ್ತದೆ. ತಲೆಕಟ್ಟುಗಳೂ ಒಂದು ಮೇಲೆ, ಒಂದು ಕೆಳಗೆ. ಮುದ್ರಿಸಿದರೆ ಎಲ್ಲ ಸರಿ. ಮಗಳ ಮ್ಯಾಕ್‌ನಲ್ಲೂ ಸರಿ. ಮಾನಿಟರ್ ಬದಲಿಸಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಮಾನಿಟರಿಗೆ ದುಡ್ಡು ಸುರಿಯಬೇಡಿ. ಮುದ್ರಣ ಸರಿ, ಮ್ಯಾಕ್ ಸರಿ ಎಂದು ಬರೆದು ಅರ್ಧ ರೋಗವನ್ನು ನೀವೇ ಪತ್ತೆ ಹಚ್ಚಿದ್ದೀರಿ. ಕೆಟ್ಟಿರುವುದು ಬಹುಮಟ್ಟಿಗೆ ಆ ಫಾಂಟಿನೊಳಗಿನ ಹಿಂಟಿಂಗ್.

12 ಪಾಯಿಂಟಿನ ಅಕ್ಷರಕ್ಕೆ 600 ಡಿಪಿಐ (ಅಂಗುಲಕ್ಕೆ 600 ಚುಕ್ಕಿ) ಮುದ್ರಕದಲ್ಲಿ 100 ಚುಕ್ಕಿಗಳ ಎತ್ತರ ಸಿಗುತ್ತದೆ. 96 ಡಿಪಿಐ ತೆರೆಯಲ್ಲಿ ಸಿಗುವುದು ಬರೀ 16 ಪಿಕ್ಸೆಲ್. ತಲೆಕಟ್ಟು, ಹೊಟ್ಟೆ, ಒತ್ತಕ್ಷರ ಎಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ಯಾವ ಗೆರೆ ಯಾವ ಪಿಕ್ಸೆಲ್ ಸಾಲಿಗೆ ಕೂರಬೇಕು ಎಂದು ಹೇಳುವ ಪುಟ್ಟ ಸೂಚನೆಗಳೇ ಹಿಂಟ್‌ಗಳು. ಸೂಚನೆ ತಪ್ಪಿದರೆ ಒಂದು ಅಕ್ಷರದ ತಲೆಕಟ್ಟು ಮೇಲಿನ ಸಾಲಿಗೆ ಹಾರುತ್ತದೆ, ಪಕ್ಕದ್ದು ಕೆಳಗೇ ಉಳಿಯುತ್ತದೆ. ‘ಧ’ಕಾರದ ಹೊಟ್ಟೆಯಡಿಯ ಕಡ್ಡಿ ಅರ್ಧ ಪಿಕ್ಸೆಲ್ಲೂ ಇಲ್ಲವೆಂದು ಸೊನ್ನೆಯಾಗುತ್ತದೆ, ಮಹಾಪ್ರಾಣ ಹೋಗುವುದು ಹೀಗೆ. ಮ್ಯಾಕ್ ಈ ಸೂಚನೆಗಳಿಗೆ ಹೆಚ್ಚು ಕಿವಿಗೊಡುವುದಿಲ್ಲ, ಆದ್ದರಿಂದ ಅಲ್ಲಿ ತೊಂದರೆಯಿಲ್ಲ. ಲಿನಕ್ಸಿನಲ್ಲಿ ಅಕ್ಷರಗಳನ್ನು ತೆರೆಗೆ ಬಿಡಿಸುವ ತಂತ್ರಾಂಶವಾದ ಫ್ರೀಟೈಪ್ ಕೂಡ ಹಿಂದೆ ಹಾಗೆಯೇ ಇತ್ತು. ಈ ವಿಧಾನದ ಮೇಲಿದ್ದ ಆಪಲ್‌ನ ಪೇಟೆಂಟ್ 2010ರಲ್ಲಿ ಮುಗಿದ ಮೇಲೆಯೇ ಅದು ಫಾಂಟಿನ ಸೂಚನೆಗಳನ್ನು ತಾನಾಗಿ ಪಾಲಿಸತೊಡಗಿದ್ದು.

ಮೊದಲು ಅದೇ ಪುಟವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ. ‘ಧ’ ಮರಳಿ ಬಂದರೆ ನನ್ನ ಅನುಮಾನ ನಿಜ.

ಇನ್ನು ಮದ್ದು. ಇಡೀ ಕಂಪ್ಯೂಟರಿನ ಹಿಂಟಿಂಗ್ ನಿಲ್ಲಿಸಿಬಿಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ, ಸರಿಯಿರುವ ಫಾಂಟುಗಳೂ ಮಸುಕಾದಾವು. ಲಿನಕ್ಸಿನಲ್ಲಿ ಫಾಂಟುಗಳ ಏರ್ಪಾಡು ನೋಡಿಕೊಳ್ಳುವ ಫಾಂಟ್‌ಕಾನ್ಫಿಗ್‌ನಲ್ಲಿ ಒಂದೇ ಫಾಂಟಿಗೆ ಅನ್ವಯಿಸುವ ನಿಯಮ ಬರೆಯಬಹುದು. ನಿಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿರುವ ಕಾನ್ಫಿಗ್ ಫೋಲ್ಡರಿನೊಳಗೆ, ಫಾಂಟ್‌ಕಾನ್ಫಿಗ್ ಹೆಸರಿನಡಿ ಈ ನಿಯಮ ಬರೆಯುವ ಕಡತ (fonts.conf) ಇರುತ್ತದೆ. ಇಲ್ಲದಿದ್ದರೆ ಹೊಸದಾಗಿ ಮಾಡಿ. ಫಾಂಟಿನ ಹೆಸರು ಕೊಟ್ಟು, ಹಿಂಟಿಂಗ್ ಎಷ್ಟಿರಬೇಕೆಂದು ಹೇಳುವ ಹಿಂಟ್‌ಸ್ಟೈಲ್ (hintstyle) ಅನ್ನು ‘ಹಿಂಟ್‌ಸ್ಲೈಟ್’ (hintslight) ಎಂದು ಇಡಿ. ಆಗ ಫ್ರೀಟೈಪ್ ಫಾಂಟಿನ ಸ್ವಂತ ಸೂಚನೆಗಳನ್ನು ಬದಿಗಿಟ್ಟು, ಮೇಲು ಕೆಳಗಿನ ಹೊಂದಾಣಿಕೆಯನ್ನು ಮಾತ್ರ ತಾನೇ ಮಾಡಿಕೊಳ್ಳುತ್ತದೆ. ಅದೂ ಹಿಡಿಸದಿದ್ದರೆ ‘ಹಿಂಟ್‌ನನ್’ (hintnone), ಅಂದರೆ ಆ ಫಾಂಟಿಗೆ ಹಿಂಟಿಂಗೇ ಬೇಡ. ಅಂಚು ಕೊಂಚ ಮಂಜಾಗುತ್ತದೆ, ಆದರೆ ‘ಧ’ದ ಕಡ್ಡಿ ಬೂದು ಬಣ್ಣದಲ್ಲಾದರೂ ಉಳಿಯುತ್ತದೆ. ನಮ್ಮ ದುಂಡನೆಯ ಅಕ್ಷರಗಳಿಗೆ ಕೆಟ್ಟ ಹಿಂಟಿಂಗ್‌ಗಿಂತ ಇಲ್ಲದಿರುವುದೇ ವಾಸಿ ಎಂಬುದು ನನ್ನ ಅನುಭವ. ಕಡತ ಉಳಿಸಿದ ಮೇಲೆ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಿರಿ.

ಫಾಂಟ್ ಮಾಡಿದವರಿಗೂ ತಿಳಿಸಿ. ‘ಅಕ್ಷರ ಚೆನ್ನಾಗಿಲ್ಲ’ ಎಂದರೆ ಅವರಿಗೆ ಏನೂ ಸಿಗದು. ‘16 ಪಿಕ್ಸೆಲ್‌ನಲ್ಲಿ ಧ ತಪ್ಪು, 18ರಲ್ಲಿ ಸರಿ’ ಎಂಬಂತೆ ನೀವು ಕಂಡ ಅಳತೆ ಬರೆದು, ತೆರೆಚಿತ್ರ ಜೊತೆಗಿಡಿ. ಅಲ್ಲಿಯವರೆಗೆ ಕರಡನ್ನು ಕಾಗದದ ಮೇಲೆಯೇ ತಿದ್ದಿ. ತೆರೆಯಲ್ಲಿ ಕಂಡದ್ದನ್ನು ನಂಬಿ ಇನ್ನೊಂದು ‘ಧ’ ಒತ್ತಿದರೆ ಆಮಂತ್ರಣದಲ್ಲಿ ‘ವಧಧು’ ಅಚ್ಚಾದೀತು.