ಹೆಸರು ಆಮೇಲೆ, ಮೊದಲು ಒಂಟಿ ಕಾಲೊನಿ

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಮೈಕ್ರೋಬಯಾಲಜಿ ಲ್ಯಾಬ್‌ಗೆ ನಮ್ಮ ಕಾಫಿ ತೋಟದ ಮಣ್ಣು ತೆಗೆದುಕೊಂಡು ಹೋಗಿದ್ದೆ. ನ್ಯೂಟ್ರಿಯೆಂಟ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಅಂಕುಡೊಂಕು ಅಂಚಿನ ಬಿಳಿ ಕಾಲೊನಿ (ಗುಂಪಾಗಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) ಬಂತು. ಒಂದು ವಾರ ಬಿಟ್ಟು ಗ್ರಾಂ ಸ್ಟೇನ್ ಮಾಡಿದರೆ ಅರ್ಧ ನೇರಳೆ, ಅರ್ಧ ಗುಲಾಬಿ ಕಡ್ಡಿಗಳು ಕಂಡವು. ಬ್ಯಾಸಿಲಸ್ (ಕಡ್ಡಿಯಾಕಾರದ ಒಂದು ಬ್ಯಾಕ್ಟೀರಿಯಾ ಕುಲ) ಅಂತ ಬರೆದುಬಿಡು ಅನ್ನುತ್ತಾರೆ ಗೆಳತಿಯರು. ಬರೆಯಲೇ?
– ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಈಗಲೇ ಬರೆಯಬೇಡಿ. ಅದು ಬ್ಯಾಸಿಲಸ್ ಇದ್ದರೂ ಇರಬಹುದು, ತೋಟದ ಮಣ್ಣಿನಲ್ಲಿ ಅದಕ್ಕೇನೂ ಬರವಿಲ್ಲ. ಆದರೆ ನಿಮ್ಮ ಸ್ಲೈಡ್ ಇನ್ನೂ ಹಾಗೆ ಹೇಳಿಲ್ಲ. ಎರಡು ಬಣ್ಣ ಕಂಡಾಗ ಎರಡು ಅನುಮಾನ ಬರಬೇಕು. ಕಾಲೊನಿಯಲ್ಲಿ ಎರಡು ಬಗೆಯವು ಬೆರೆತಿರಬಹುದು, ಇಲ್ಲವೇ ಬಗೆ ಒಂದೇ ಇದ್ದು ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಹಳೆಯದಾಗಿರಬಹುದು. ನಿಮ್ಮದು ವಾರದ ಕಲ್ಚರ್, ಹಾಗಾಗಿ ಎರಡನೆಯದರ ಮೇಲೇ ನನಗೆ ಜಾಸ್ತಿ ಗುಮಾನಿ.

ಗ್ರಾಂ ಸ್ಟೇನ್ ಅಂದರೆ ಕೋಶದ ಗೋಡೆಯ ಪರೀಕ್ಷೆ, ಅಲ್ವಾ? ಕ್ರಿಸ್ಟಲ್ ವಯಲೆಟ್ ಎಂಬ ನೇರಳೆ ಬಣ್ಣ ಒಳಗೆ ಹೋಗುತ್ತದೆ, ಅಯೋಡಿನ್ ಅದರ ಜೊತೆ ಸೇರಿ ದಪ್ಪ ಕಣವಾಗುತ್ತದೆ, ಆಮೇಲೆ ಆಲ್ಕೋಹಾಲ್ ಹಾಕಿದಾಗ ದಪ್ಪ ಗೋಡೆಯ ಗ್ರಾಂ ಪಾಸಿಟಿವ್ ಕೋಶ ಅದನ್ನು ಬಿಟ್ಟುಕೊಡುವುದಿಲ್ಲ, ತೆಳು ಗೋಡೆಯದ್ದು ಬಿಟ್ಟುಕೊಟ್ಟು ಸಫ್ರಾನಿನ್ ಎಂಬ ಕೆಂಪು ಬಣ್ಣ ಹಾಕಿದಾಗ ಗುಲಾಬಿಯಾಗುತ್ತದೆ. ವಯಸ್ಸಾದ ಬ್ಯಾಸಿಲಸ್ ಕೋಶಗಳ ಗೋಡೆ ಹಾಳಾಗಿರುತ್ತದೆ. ಅವೂ ನೇರಳೆ ಬಣ್ಣ ಕಳೆದುಕೊಂಡು ಗುಲಾಬಿಯಾಗಿ ಕಾಣುತ್ತವೆ. ಸ್ಮಿಯರ್ (ಸ್ಲೈಡ್ ಮೇಲೆ ಸವರಿದ ಪದರ) ದಪ್ಪವಾದರೆ ಉಲ್ಟಾ ತೊಂದರೆ: ಆಲ್ಕೋಹಾಲ್ ಒಳಗೆ ಇಳಿಯದೆ ಗ್ರಾಂ ನೆಗೆಟಿವ್ ಕೂಡ ನೇರಳೆಯಾಗೇ ಉಳಿಯುತ್ತದೆ.

ಹಾಗಾಗಿ ಮೊದಲಿಂದ ಬನ್ನಿ. ಆ ಕಾಲೊನಿಯ ಒಂದು ಚೂರನ್ನು ಹೊಸ ಪ್ಲೇಟ್ ಮೇಲೆ ಸ್ಟ್ರೀಕ್ ಮಾಡಿ. ಒಂದು ಮೂಲೆಯಲ್ಲಿ ಗೆರೆ ಎಳೆದ ಮೇಲೆ ಲೂಪ್ (ತಂತಿಯ ಕುಣಿಕೆ) ಕೆಂಪಗೆ ಕಾಯಿಸಿ, ಆರಲು ಬಿಡಿ, ಹಳೆಯ ಗೆರೆಯನ್ನು ಒಂದೆರಡು ಸಲ ಮಾತ್ರ ತಾಕಿಸಿ ಮುಂದಿನ ಭಾಗಕ್ಕೆ ಎಳೆಯಿರಿ, ಮತ್ತೆ ಕಾಯಿಸಿ. ಮಧ್ಯೆ ಕಾಯಿಸದೆ ಎಳೆದರೆ ಪ್ಲೇಟ್ ತುಂಬಾ ಗೆರೆ ಬರುತ್ತದೆ, ಒಂಟಿ ಕಾಲೊನಿ ಒಂದೂ ಸಿಗುವುದಿಲ್ಲ. ಎಲ್ಲವೂ ಒಂದೇ ಥರ ಬರುವ ತನಕ ಮತ್ತೆ ಸ್ಟ್ರೀಕ್ ಮಾಡಿ. ಬೇಜಾರಿನ ಕೆಲಸ ಅನಿಸುತ್ತದೆ, ಆದರೆ ಗುರುತು ಹಿಡಿಯುವ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಕ್ಕೆ 30 ಡಿಗ್ರಿ ಸಾಕು. 18ರಿಂದ 24 ಗಂಟೆಯ ಎಳೆಯ ಕಲ್ಚರ್‌ನಿಂದ ತೆಳ್ಳಗೆ ಸ್ಮಿಯರ್ ಮಾಡಿ, ಅದೇ ಸ್ಲೈಡ್‌ನಲ್ಲಿ ಪಕ್ಕಕ್ಕೆ ನಿಮ್ಮ ಲ್ಯಾಬ್‌ನಲ್ಲಿರುವ ಒಂದು ಸ್ಟೆಫೈಲೊಕಾಕಸ್, ಒಂದು ಇ. ಕೋಲಿ ಇಡಿ. ಸ್ಟೆಫೈಲೊಕಾಕಸ್ ನೇರಳೆ, ಇ. ಕೋಲಿ ಗುಲಾಬಿ ಬಂದರೆ ಮಾತ್ರ ನಿಮ್ಮದರ ಬಣ್ಣವನ್ನು ನಂಬಿ.

ನೇರಳೆ ಕಡ್ಡಿ ಬಂತು ಅಂತಿಟ್ಟುಕೊಳ್ಳಿ. ಹಳೆಯ ಪ್ಲೇಟ್ ಎಸೆದಿಲ್ಲ ತಾನೇ? ಅದರಿಂದಲೇ ಸ್ಪೋರ್ (ಗಟ್ಟಿ ಕವಚದ ಸುಪ್ತ ರೂಪ) ಸ್ಟೇನ್ ಮಾಡಿ, ವಯಸ್ಸಾದ ಕಲ್ಚರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಮ್ಯಾಲಕೈಟ್ ಗ್ರೀನ್ ಹಾಕಿ ಬಿಸಿ ಮಾಡಿ, ತೊಳೆದು ಸಫ್ರಾನಿನ್ ಹಾಕಿದರೆ ಸ್ಪೋರ್ ಹಸಿರು, ಉಳಿದದ್ದು ಕೆಂಪು. ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕಿದಾಗ ಗುಳ್ಳೆ ಬಂದರೆ ಕ್ಯಾಟಲೇಸ್ ಪಾಸಿಟಿವ್, ಅಂದರೆ ಪೆರಾಕ್ಸೈಡ್ ಒಡೆಯುವ ಕಿಣ್ವ ಅದರಲ್ಲಿದೆ. ಗಾಳಿಯಲ್ಲಿ ಬೆಳೆಯುವ, ಸ್ಪೋರ್ ಇರುವ, ಕ್ಯಾಟಲೇಸ್ ಪಾಸಿಟಿವ್ ಆದ ಗ್ರಾಂ ಪಾಸಿಟಿವ್ ಕಡ್ಡಿ ಅಂದಮೇಲೆ "ಬ್ಯಾಸಿಲಸ್ ಇರಬಹುದು" ಅಂತ ಧೈರ್ಯವಾಗಿ ಬರೆಯಿರಿ, ಕಾರಣಗಳನ್ನೂ ಬರೆಯಿರಿ. ಯಾವ ಬ್ಯಾಸಿಲಸ್ ಅಂತ ಇಷ್ಟರಿಂದ ಗೊತ್ತಾಗುವುದಿಲ್ಲ. ಊಟ ಕೆಡಿಸಿ ವಾಂತಿ ಭೇದಿ ತರುವ ಬ್ಯಾಸಿಲಸ್ ಸೀರಿಯಸ್ (Bacillus cereus) ಕೂಡ ಮಣ್ಣಿನಲ್ಲೇ ಇರುತ್ತದೆ, ಆದ್ದರಿಂದ ಪ್ಲೇಟ್ ಮುಟ್ಟಿದ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಕೈ ತೊಳೆಯುವ ಮಹತ್ವ ತೋರಿಸಬೇಕು. ಅವರ ಬೆರಳನ್ನು ಅಗಾರ್ ಮೇಲೆ ಒತ್ತಿಸಿ ಬೆಳೆಸಬಹುದಾ? ಆಮೇಲೆ ಪ್ಲೇಟ್ ಏನು ಮಾಡುವುದು?
– ಶಿಕ್ಷಕಿ, ಮಡಿಕೇರಿ

ಉತ್ತರ: ಮೇಡಂ, ಉದ್ದೇಶ ಬಹಳ ಒಳ್ಳೆಯದು. ಮಾಡುವುದಾದರೆ 37 ಡಿಗ್ರಿಯಲ್ಲಿ ಮಾತ್ರ ಇಡಬೇಡಿ. ಅದು ನಮ್ಮ ಮೈಯ ಬಿಸಿ, ನಮಗೆ ಕಾಯಿಲೆ ತರುವವಕ್ಕೆ ಅದೇ ಇಷ್ಟ. 25 ಡಿಗ್ರಿಯೊಳಗೆ ಇಡಿ. ಬೆರಳು ಒತ್ತಿದ ಕೂಡಲೇ ಮುಚ್ಚಳಕ್ಕೆ ಎರಡು ಕಡೆ ಟೇಪ್ ಹಚ್ಚಿ, ಬೆಳೆದ ಮೇಲೆ ಯಾವ ಕಾರಣಕ್ಕೂ ತೆರೆಯಬೇಡಿ. ಮಕ್ಕಳು ಹೊರಗಿನಿಂದ ನೋಡಲಿ.

ಆಮೇಲೆ ಟೇಪ್ ಸಮೇತ, ಪ್ರಯೋಗಕ್ಕೆಂದೇ ಇಟ್ಟ ಕುಕ್ಕರ್‌ನಲ್ಲಿ ಹಾಕಿ. ಲ್ಯಾಬ್ ಲೆಕ್ಕ 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ. ಆ ಲೆಕ್ಕ ಸಮುದ್ರಮಟ್ಟದ್ದು. ಮಡಿಕೇರಿ 1,100 ಮೀಟರಿಗೂ ಮೇಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಅದೇ 15 ಪೌಂಡ್‌ಗೆ ಒಳಗಿನ ಬಿಸಿ ಎರಡು ಡಿಗ್ರಿಯಷ್ಟು ಕಮ್ಮಿ ಇರುತ್ತದೆ. ಅರ್ಧ ಗಂಟೆ ಇಡಿ. ಆ ಕುಕ್ಕರ್ ಅಡುಗೆಮನೆಗೆ ವಾಪಸ್ ಹೋಗಬಾರದು.

ನನ್ನನ್ನು ಕೇಳಿದರೆ ಇದಕ್ಕಿಂತ ಮೊಸರು ಒಳ್ಳೆಯದು. ಒಂದು ಚೂರು ಮೊಸರನ್ನು ನೀರಲ್ಲಿ ಕದಡಿ ಸ್ಲೈಡ್ ಮೇಲೆ ಸವರಿ, ಒಣಗಿಸಿ, ಜ್ವಾಲೆಯ ಮೇಲೆ ಹಾಯಿಸಿ, ಮೆಥಿಲೀನ್ ಬ್ಲೂ ಒಂದು ನಿಮಿಷ ಹಾಕಿ ತೊಳೆಯಿರಿ. ದುಂಡನೆಯವು ಸರವಾಗಿ ನಿಂತಿರುತ್ತವೆ, ಉದ್ದನೆಯ ಕಡ್ಡಿಗಳೂ ಕಾಣಬಹುದು. ಏನನ್ನೂ ಬೆಳೆಸಬೇಕಿಲ್ಲ, ಭಯವೂ ಇಲ್ಲ.

ಪ್ರಶ್ನೆ: ಕಕ್ಕಡದ ಮಳೆ ಶುರುವಾದರೆ ನಮ್ಮ ಲ್ಯಾಬ್‌ನ ಪ್ಲೇಟ್‌ಗಳಿಗೆಲ್ಲ ಬೂಷ್ಟು. ಏನು ಮಾಡಲಿ?
– ಲ್ಯಾಬ್ ಸಹಾಯಕ, ಸೋಮವಾರಪೇಟೆ

ಉತ್ತರ: ಪ್ರತಿ ಸಲ ಏನೂ ಹಾಕದ ಎರಡು ಪ್ಲೇಟ್ ಇಡಿ, ಒಂದನ್ನು ತೆರೆಯಲೇಬೇಡಿ, ಇನ್ನೊಂದನ್ನು ಕೆಲಸದ ಮೇಜಿನ ಮೇಲೆ ಸ್ವಲ್ಪ ಹೊತ್ತು ತೆರೆದಿಡಿ. ತೆರೆಯದ್ದರಲ್ಲೂ ಬೂಷ್ಟು ಬಂದರೆ ಮೀಡಿಯಾ ಅಥವಾ ಪ್ಲೇಟ್ ಸರಿಯಾಗಿ ಸ್ಟೆರೈಲ್ ಆಗಿಲ್ಲ, ತೆರೆದದ್ದರಲ್ಲಿ ಮಾತ್ರ ಬಂದರೆ ಗಾಳಿಯದ್ದು. ಕೆಲಸದ ಹೊತ್ತಿಗೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬರ್ನರ್ ಪಕ್ಕದಲ್ಲೇ ಮಾಡಿ. ಅಗಾರ್ 50 ಡಿಗ್ರಿಗೆ ಇಳಿದ ಮೇಲೆ ಸುರಿಯಿರಿ, ತುಂಬಾ ಬಿಸಿ ಸುರಿದರೆ ಮುಚ್ಚಳದಲ್ಲಿ ನೀರು ಕೂರುತ್ತದೆ. ಪ್ಲೇಟ್ ಬೋರಲು ಇಡಿ. ಬೂಷ್ಟು ಹಿಡಿದದ್ದನ್ನು ಮೂಸಿ ನೋಡಲು ಹೋಗಬೇಡಿ, ಮುಚ್ಚಿದ ಹಾಗೇ ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಸ್ಟೆರೈಲ್ ಮಾಡುವ ಪಾತ್ರೆ) ಹಾಕಿ.